ಷೆಡ್ಡಿನ ಗಾಳಿ

ಮೀನಿನ ಕೋಣೆಯ ಸ್ವಿಚ್‌ಬೋರ್ಡು ಸುಟ್ಟು ಹೊಗೆ ಎದ್ದ ದಿನ ಮೊದಲು ಓಡಿ ಬಂದವಳು ಸೊಸೆ. ಮೊದಲು ಬಾಯಿ ತೆಗೆದವಳೂ ಅವಳೇ.

"ನಾನು ಬಡ್ಕೋತಾನೇ ಇದ್ದೆ. ಒಂದೊಂದು ತೊಟ್ಟಿಗೆ ಒಂದೊಂದು ಪಂಪು, ಒಂದೊಂದು ಪಂಪಿಗೆ ಒಂದೊಂದು ವೈರು. ಇದೇನು ಮನೆನೋ ಹಾವಿನ ಹುತ್ತನೋ?"

"ಬೋರ್ಡು ಹಳೇದು, ಸುಡ್ತು. ಅದಕ್ಕೆ ನನ್ನ ಪಂಪು ಏನು ಮಾಡ್ತು?" ಎಂದಳು ಮೀನಮ್ಮ. ಮೇನ್ ಸ್ವಿಚ್ ಆರಿಸಿ ಬಂದು, ಒಂದೊಂದೇ ಪ್ಲಗ್ಗು ಕಿತ್ತು, ಯಾವ ಪಂಪು ಉಳಿದಿದೆ ಯಾವುದು ಹೋಗಿದೆ ಎಂದು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ಸೊಸೆಯ ಕಡೆ ತಿರುಗಲಿಲ್ಲ. ತಿರುಗಿ ನೋಡುವಷ್ಟು ಮರ್ಯಾದೆಯನ್ನು ಅವಳು ಸೊಸೆಗೆ ಕೊಟ್ಟು ಬಹಳ ದಿನವಾಗಿತ್ತು.

ಮೀನಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಕೆಳಗಿನ ದೊಡ್ಡ ಕೋಣೆಯ ಮೂರು ಗೋಡೆಗೂ ಕಬ್ಬಿಣದ ಸ್ಟ್ಯಾಂಡು ಹಾಕಿಸಿ, ಅದರ ತುಂಬ ಗಾಜಿನ ತೊಟ್ಟಿ ಜೋಡಿಸಿ, ಬಣ್ಣದ ಮೀನು ಮರಿ ಮಾಡಿಸಿ ಅಂಗಡಿಗಳಿಗೆ ಕೊಡುತ್ತಿದ್ದಳು. ಅದರಿಂದ ಬರುವುದು ರಾಶಿ ಹಣವೇನಲ್ಲ. ಆದರೆ ಅದು ಕೈಗೆ ಬಂದಾಗಿನಿಂದ ಅವಳು ಗಂಡನ ಮುಂದಾಗಲಿ ಮಗನ ಮುಂದಾಗಲಿ ಕೈ ಚಾಚಿದವಳಲ್ಲ. ತನ್ನ ಸೀರೆ, ತನ್ನ ಕನ್ನಡಕ, ತನ್ನ ಮಂಡಿನೋವಿನ ಮಾತ್ರೆ, ಎಲ್ಲ ಮೀನಿನದು. ಮನೆಯಲ್ಲಿ ಅವಳ ಮಾತಿಗೆ ಇದ್ದ ತೂಕವೂ ಮೀನಿನದೇ.

ಅವಳ ಗಂಡನಿಗೆ ಗಾಳಿ ಮೇಸ್ತ್ರಿ ಎಂದು ಹೆಸರು. ದೊಡ್ಡ ರಸ್ತೆಯ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟು, ಆಯುಷ್ಯವಿಡೀ ಲಾರಿ ಬಸ್ಸುಗಳ ಚಕ್ರಕ್ಕೆ ಗಾಳಿ ತುಂಬಿದವನು. ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು. ಕಂಪ್ರೆಸರನ್ನು ಮಾತ್ರ ಮನೆಯ ಹಿಂದಿನ ತಗಡಿನ ಷೆಡ್ಡಿಗೆ ತಂದು ಕೂರಿಸಿಕೊಂಡ. ದಿನಾ ಬೆಳಿಗ್ಗೆ ಅದರ ಹೊಟ್ಟೆ ಬೆನ್ನು ಒರೆಸುವುದು, ಎಣ್ಣೆ ನೋಡುವುದು, ಗಾಳಿ ಎಳೆಯುವ ಜಾಲರಿಯನ್ನು ಬಿಚ್ಚಿ ಊದಿ ಮತ್ತೆ ಹಾಕುವುದು ಅವನ ಕೆಲಸ. "ನನ್ನನ್ನ ಒಂದು ದಿನ ಹೀಗೆ ಒರೆಸಿದ್ದಿದ್ರೆ ನಾನೂ ಹೊಳೀತಿದ್ದೆ" ಎಂದು ಮೀನಮ್ಮ ಚುಚ್ಚುತ್ತಿದ್ದಳು. ಅವನಿಗೆ ಅದು ಕೇಳಿಸುತ್ತಿರಲಿಲ್ಲ, ಅಥವಾ ಕೇಳಿಸದ ಹಾಗೆ ಇರುತ್ತಿದ್ದ.

ಮಗ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಊರವರ ಮಕ್ಕಳು ಗೋಡೆಗೆ ಗುದ್ದಿದರೂ ನಗುನಗುತ್ತ ಹೇಳಿಕೊಡುವ ಆಸಾಮಿ. ಆ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬರುವಾಗ ಗಂಟು ಮುಖ ಮಾತ್ರ ಉಳಿದಿರುತ್ತಿತ್ತು. ಅವನ ಹೆಂಡತಿ ಕೈಕಾಲು ಹಿಡಿದುಕೊಂಡವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಅವಳ ಕ್ಲಿನಿಕ್ಕಿನ ಕಟ್ಟಡದ ಮಾಲೀಕ ಖಾಲಿ ಮಾಡಿ ಎಂದು ಕೂತಿದ್ದ. ಬೀದಿಗೆ ಬಾಗಿಲಿರುವ, ಮೆಟ್ಟಿಲು ಹತ್ತಬೇಕಿಲ್ಲದ, ದೊಡ್ಡ ಕೋಣೆಯೊಂದು ಅವಳಿಗೆ ಬೇಕಿತ್ತು. ಅಂಥ ಕೋಣೆ ಮನೆಯಲ್ಲೇ ಇತ್ತು. ಅದರಲ್ಲಿ ಮೀನಿದ್ದವು.

ಆ ರಾತ್ರಿ ಊಟಕ್ಕೆ ಕೂತಾಗ ಮಗ ತಟ್ಟೆ ನೋಡಿಕೊಂಡೇ ಹೇಳಿದ. "ಅಮ್ಮ, ಇನ್ನು ಆಗಲ್ಲ. ಆ ವೈರು, ಆ ಗುಂಯ್ ಅನ್ನೋ ಸದ್ದು, ಎಲ್ಲ ಹೋಗ್ಬೇಕು. ಒಂದೇ ಮಷೀನು, ಒಂದೇ ಪೈಪು, ಒಂದೇ ಸ್ವಿಚ್ಚು. ಈ ತಿಂಗಳು ಮುಗಿಯೋದ್ರೊಳಗೆ ಮಾಡ್ಸು. ಆಗ್ಲಿಲ್ವಾ, ತೊಟ್ಟಿ ತೆಗಿ. ಕೋಣೆ ಇವಳಿಗೆ."

"ಇವಳಿಗೆ" ಎಂದು ಮೀನಮ್ಮ ಆ ಮಾತನ್ನೇ ಬಾಯಲ್ಲಿ ತಿರುಗಿಸಿದಳು. "ಬೋರ್ಡು ಸುಟ್ಟಿದ್ದು ಇವಳಿಗೆ ಹಬ್ಬ ಆಯ್ತು."

"ಅತ್ತೆ, ನಾನು ಊಟ ಮಾಡ್ತಾ ಇದ್ದೀನಿ. ನನ್ನ ಬಾಯಲ್ಲಿ ಅನ್ನ ಇದೆ, ಮಾತಿಲ್ಲ."

"ಮಾತೆಲ್ಲ ಗಂಡನ ಬಾಯಲ್ಲಿ ಇಟ್ಟಿದ್ದೀಯಲ್ಲ."

ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಮಗ ಮೊಟ್ಟೆಯನ್ನು ಅರ್ಧಕ್ಕೇ ಬಿಟ್ಟ. ಮೇಸ್ತ್ರಿ ಮಾತ್ರ ಆರಾಮವಾಗಿ ಇನ್ನೊಂದು ತುತ್ತು ಕಲಸಿ, "ಇದಕ್ಯಾಕೆ ಇಷ್ಟು ರಂಪ? ಒಂದೇ ಮಷೀನು ತಾನೆ? ಮನೇಲೇ ಇದೆಯಲ್ಲ" ಎಂದ.

ಮೀನಮ್ಮ ಕೈ ತೊಳೆಯಲು ಎದ್ದವಳು ಅಲ್ಲೇ ನಿಂತಳು. "ನಿಮ್ಮ ಕಂಪ್ರೆಸರ್‌ನ ಹೇಳ್ತಿದ್ದೀರಾ?"

"ಇನ್ನೇನು ಕುಕ್ಕರ್‌ನ ಹೇಳ್ತೀನಾ? ಹದಿನಾರು ಚಕ್ರದ ಲಾರಿಗೆ ಗಾಳಿ ತುಂಬಿದೀನಿ ಅದರಲ್ಲಿ. ನಿನ್ನ ಬೆರಳುದ್ದದ ಮೀನಿಗೆ ಗಾಳಿ ಕೊಡೋಕ್ಕಾಗಲ್ವಾ?"

"ಅದರ ಗಾಳೀಲಿ ಎಣ್ಣೆ ಇರುತ್ತೆ ರೀ. ಮೀನು ಚಕ್ರ ಅಲ್ಲ."

"ಗಾಳಿ ವಿಷಯ ನನಗೆ ಹೇಳ್ಕೊಡ್ಬೇಡ ಕಣೇ!"

ಹೇಳಿಕೊಟ್ಟರೂ ಕೇಳುವ ಆಳಲ್ಲ. ಮುಂದಿನ ಭಾನುವಾರ, ಎಲ್ಲರೂ ನೋಡಲಿ ಎಂದೇ, ಷೆಡ್ಡಿನಿಂದ ಕೆಂಪು ರಬ್ಬರ್ ಪೈಪನ್ನು ಎಳೆದು ತಂದು, ಮೀನಿಲ್ಲದ ಒಂದು ತೊಟ್ಟಿಗೆ ನೀರು ತುಂಬಿಸಿ, ಪೈಪಿನ ತುದಿಯನ್ನು ಅದರಲ್ಲಿ ಮುಳುಗಿಸಿದ. ಷೆಡ್ಡಿನಲ್ಲಿ ನಿಂತಿದ್ದ ಮಗನಿಗೆ "ಬಿಡು" ಎಂದು ಕೂಗಿದ. ಮಗ ಬಿಟ್ಟ. ತೊಟ್ಟಿಯ ನೀರು ಎದ್ದು ನೇರ ಛಾವಣಿಗೆ ಹೋಯಿತು, ಅಲ್ಲಿಂದ ಮೇಸ್ತ್ರಿಯ ತಲೆಗೆ ಬಂತು. ಪೈಪು ಹೊರಗೆ ಹಾರಿ ಕೋಣೆಯ ತುಂಬ ಬುಸುಗುಟ್ಟಿಕೊಂಡು ಕುಣಿಯಿತು. ಅದನ್ನು ತುಳಿದು ಹಿಡಿಯಲು ಅವನು ಎಗರಿದ ರೀತಿ ನೋಡಿ ಸೊಸೆ ಕಿಸಕ್ಕನೆ ನಕ್ಕಳು.

"ವಾಲ್ವ್ ಸಣ್ಣ ಮಾಡ್ಬೇಕಿತ್ತು, ಅಷ್ಟೇ" ಎಂದು ಮೇಸ್ತ್ರಿ ತಲೆ ಒರೆಸಿಕೊಂಡ. ಸಣ್ಣ ಮಾಡಿಸಿದ. ಈ ಸಲ ಗುಳ್ಳೆ ಚೆಂದಾಗಿಯೇ ಬಂದವು. "ನೋಡು! ಈಗೇನಂತೀಯ?"

ಮೀನಮ್ಮ ಒಂದು ಬಿಳಿ ಕಾಗದ ತಂದು ನೀರಿನ ಮೇಲೆ ಹಾಸಿ ಎತ್ತಿದಳು. ಕಾಗದದ ಮೇಲೆ ಎಣ್ಣೆಯ ಬಣ್ಣಬಣ್ಣದ ಸುಳಿ. ಅದನ್ನು ಗಂಡನ ಮುಖದ ಮುಂದೆ ಹಿಡಿದು, ಅವಳೂ ನಕ್ಕಳು. ಅತ್ತೆ ಸೊಸೆ ಸೇರಿ ನಕ್ಕಿದ್ದು ಆ ಮನೆಯಲ್ಲಿ ಅದೇ ಮೊದಲು. ಮೇಸ್ತ್ರಿ ಪೈಪು ಸುತ್ತಿಕೊಂಡು ಷೆಡ್ಡಿಗೆ ಹೋದ. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ.

ಆ ವಾರದಲ್ಲೇ ಮೀನಮ್ಮ ಊರಾಚೆಯ ಅಕ್ವೇರಿಯಂ ಅಂಗಡಿಗೆ ಹೋಗಿ ಎಲ್ಲ ತೊಟ್ಟಿಗೂ ಒಟ್ಟಿಗೆ ಗಾಳಿ ಊದುವ ಬ್ಲೋವರ್ ಮಷೀನು ನೋಡಿ ಬಂದಳು. ಅಂಗಡಿಯವನು ಎಷ್ಟು ತೊಟ್ಟಿ, ನೀರು ಎಷ್ಟು ಆಳ ಎಂದೆಲ್ಲ ಕೇಳಿದ. "ನಿಮಗೆ ಬೇಕಾಗಿರೋದು ಒತ್ತಡ ಅಲ್ಲ ಅಮ್ಮ, ರಾಶಿ ಗಾಳಿ. ಮೆತ್ತಗೆ, ಆದ್ರೆ ಜಾಸ್ತಿ" ಎಂದ. ದಪ್ಪ ಪೈಪನ್ನು ಕೋಣೆಯ ಸುತ್ತ ತಿರುಗಿಸಿ, ಹೊರಟ ಜಾಗಕ್ಕೇ ತಂದು ಸೇರಿಸಬೇಕು, ಆಗ ಮೂಲೆಯ ತೊಟ್ಟಿಗೂ ಬಾಗಿಲ ತೊಟ್ಟಿಗೂ ಒಂದೇ ಸಮ ಗಾಳಿ. ಮಷೀನನ್ನು ನೀರಿಗಿಂತ ಎತ್ತರದಲ್ಲಿ ಇಡಬೇಕು, ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಪೈಪಿನಲ್ಲಿ ವಾಪಸು ನುಗ್ಗಿ ಮೋಟಾರು ಹಾಳು. ಮೀನಮ್ಮ ಎಲ್ಲ ಕೇಳಿಸಿಕೊಂಡಳು. ಮಷೀನು ಅವಳ ಮನಸ್ಸಿಗೆ ಬಂತು. ಬೆಲೆ ಮಾತ್ರ ಬರಲಿಲ್ಲ. ಅವಳ ಹತ್ತಿರ ಇದ್ದದ್ದು ಅರ್ಧಕ್ಕೂ ಸಾಲದು, ಮಗನನ್ನು ಕೇಳುವುದೆಂದರೆ ಸೊಸೆಯನ್ನು ಕೇಳಿದ ಹಾಗೆ.

ರಾತ್ರಿ ಊಟದಲ್ಲಿ ಹೇಳಿಯೇ ಬಿಟ್ಟಳು. "ಷೆಡ್ಡಲ್ಲಿರೋದನ್ನ ಮಾರಿ."

ಮೇಸ್ತ್ರಿಯ ಕೈ ತಟ್ಟೆಯಲ್ಲೇ ನಿಂತಿತು.

"ಸುಮ್ನೆ ಕೂತಿದೆಯಲ್ಲ. ಲಾರಿ ಬರುತ್ತಾ ಮನೆ ಹತ್ರ? ಅದನ್ನ ಮಾರಿದ್ರೆ ನನ್ನ ಬ್ಲೋವರ್ ಬರುತ್ತೆ."

"ಹೈವೇಲಿ ಟೈರ್ ಅಂಗಡಿಯವನೊಬ್ಬ ಹುಡುಕ್ತಿದ್ದ" ಎಂದು ಮಗ ಥಟ್ಟನೆ ಹೇಳಿದ. "ನಾನು ಮಾತಾಡ್ಲಾ?"

"ನನ್ನ ವಸ್ತು ಮಾರೋಕ್ಕೆ ನೀವಿಬ್ರೂ ಯಾರು?"

"ನಾನು ಯಾರಾ?" ಮೀನಮ್ಮನ ದನಿ ಏರಿತು. "ಅಂಗಡಿ ಹೋದ್ಮೇಲೆ ಈ ಮನೆಗೆ ಬೇಳೆ ತಂದಿದ್ದು ಯಾರು? ನಿಮ್ಮ ಕಂಪ್ರೆಸರ್ ತಂತಾ? ಅದು ಬರೀ ಎಣ್ಣೆ ಕುಡೀತು, ನೀವು ಬರೀ ಅದರ ಮುಂದೆ ಕೂತ್ರಿ."

ಇದು ಆಡಬಾರದ ಮಾತಾಗಿತ್ತು. ಆಡುವಾಗಲೇ ಮೀನಮ್ಮನಿಗೆ ಗೊತ್ತಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಮೇಸ್ತ್ರಿ ತಟ್ಟೆಯಲ್ಲೇ ಕೈ ತೊಳೆದ. "ಮಾರು" ಎಂದು ಮಗನಿಗೆ ಹೇಳಿದ, ಹೆಂಡತಿಗಲ್ಲ.

ಟೈರ್ ಅಂಗಡಿಯವನು ಮುಂಗಡ ಕೊಟ್ಟ, ಸಾಗಿಸುವುದಕ್ಕೆ ಎರಡು ವಾರ ಬಿಟ್ಟು ಬರುತ್ತೇನೆಂದ. ಬ್ಲೋವರ್ ಮನೆಗೆ ಬಂತು. ಈಗ ಅದನ್ನು ಎಲ್ಲಿಡುವುದೆಂದು ಜಗಳ. ಮೀನಿನ ಕೋಣೆಯಲ್ಲೇ ಇಟ್ಟರೆ ಗೋಡೆ ಪಕ್ಕ ಮಲಗುವ ಸೊಸೆಗೆ ಸದ್ದು. ಮೆಟ್ಟಿಲ ಕೆಳಗೆ ಇಟ್ಟರೆ ಮಗನ ಬೈಕಿಗೆ ಜಾಗವಿಲ್ಲ. ಅಡುಗೆಮನೆಯ ಅಟ್ಟದ ಮೇಲೆ ಇಡೋಣ ಎಂದ ಮಗ. ಅಷ್ಟು ದಿನ ಬಾಯಿ ಬಿಡದಿದ್ದ ಮೇಸ್ತ್ರಿ ಆಗ ಮಾತ್ರ ಬಿಟ್ಟ.

"ದಡ್ಡ. ಮಷೀನು ಎಲ್ಲಿ ನಿಂತಿರುತ್ತೋ ಅಲ್ಲಿನ ಗಾಳಿನೇ ಕುಡಿಯೋದು. ಅಡುಗೆಮನೆ ಎಣ್ಣೆ ಹೊಗೆನೆಲ್ಲ ಎಳ್ಕೊಂಡು ನೀರಿಗೆ ಕಕ್ಕುತ್ತೆ. ನನ್ನ ಅಂಗಡೀಲಿ ಕಂಪ್ರೆಸರ್ ಪಕ್ಕ ಸಿಗರೇಟು ಸೇದೋಕ್ಕೂ ನಾನು ಬಿಡ್ತಿರ್ಲಿಲ್ಲ."

"ಹಾಗಾದ್ರೆ ನಿಮ್ಮ ಷೆಡ್ಡಲ್ಲೇ ಇಡೋಣ ಮಾವ" ಎಂದಳು ಸೊಸೆ. "ಅಲ್ಲಿ ಹೊಗೆನೂ ಇಲ್ಲ, ಮಲಗೋರೂ ಇಲ್ಲ."

ಮೇಸ್ತ್ರಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ. ಪ್ಲಂಬರ್ ಬಂದು, ಷೆಡ್ಡಿನ ಗೋಡೆಗೆ ಎತ್ತರದಲ್ಲಿ ಹಲಗೆ ಬಡಿದು, ಕಂಪ್ರೆಸರಿನ ನೆತ್ತಿಯ ಮೇಲೇ ಬ್ಲೋವರ್ ಕೂರಿಸಿದ. ಅಲ್ಲಿಂದ ಬಿಳಿ ಪೈಪು ಹೊರಟು ಮೀನಿನ ಕೋಣೆಯನ್ನು ಸುತ್ತಿತು. ಸ್ವಿಚ್ಚು ಒತ್ತಿದಾಗ ಎಲ್ಲ ತೊಟ್ಟಿಗಳಲ್ಲೂ ಒಟ್ಟಿಗೆ ಗುಳ್ಳೆ ಎದ್ದವು, ಕೋಣೆಯಲ್ಲಿ ನೀರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಮೀನಮ್ಮನ ಹೊಟ್ಟೆ ತಣ್ಣಗಾಯಿತು. ತಿಂಗಳು ಮುಗಿಯುವ ಮೊದಲೇ ಗೆದ್ದಿದ್ದಳು.

ಆದರೂ ನಂಬಿಕೆ ಸಾಲದು. ಹಳೆಯ ಪಂಪುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿದೆ ಎಂದು ಮಗನಿಗೆ ಹೇಳಿ, ಒಂದನ್ನು ಮಾತ್ರ ಸದ್ದು ಕೇಳದ ಹಾಗೆ ಬಟ್ಟೆ ಸುತ್ತಿ ಬಾಗಿಲ ಹಿಂದಿನ ಮೂಲೆಯ ತೊಟ್ಟಿಗೆ ಉಳಿಸಿಕೊಂಡಳು. ಅದರಲ್ಲಿ ಅವಳ ಹಳೆಯ ಏಂಜಲ್ ಮೀನಿನ ಜೋಡಿ ಇತ್ತು. ಕೋಣೆಯ ಅರ್ಧ ಸಂತಾನ ಆ ಜೋಡಿಯದೇ. ಅದಕ್ಕೆ ಹೊಸ ಪೈಪಿನ ಗಾಳಿ ಕೊಡಲಿಲ್ಲ.

ಸೊಸೆ ಸೋತು ಸುಮ್ಮನಿರುವವಳಲ್ಲ. ದಿನಾ ಒಂದು ತಕರಾರು ತಂದಳು. ಇವತ್ತು ಪಾಚಿ ವಾಸನೆ, ನಾಳೆ ಮೀನಿನ ಆಹಾರದ ವಾಸನೆ, ಮೂರನೇ ದಿನ ಒದ್ದೆ ಗೋಡೆಯ ವಾಸನೆ. ಮೀನಮ್ಮ ಪ್ರತಿಯೊಂದಕ್ಕೂ ಒಂದೊಂದು ಉತ್ತರ ಮಸೆದಿಟ್ಟುಕೊಂಡಿದ್ದಳು.

ಟೈರ್ ಅಂಗಡಿಯವನು ಬರುವ ಹಿಂದಿನ ದಿನ ಬೆಳಿಗ್ಗೆ ಮೀನಮ್ಮ ತೊಟ್ಟಿಗಳಿಗೆ ಆಹಾರ ಹಾಕುತ್ತಿದ್ದಾಗ ಮೂಗಿಗೆ ಏನೋ ಬಡಿಯಿತು. ಘಾಟು. ತೊಟ್ಟಿಯ ಮೇಲೆ ಬಗ್ಗಿದರೆ ಇನ್ನೂ ಜೋರು. ಏನಿದು ಎಂದು ಯೋಚಿಸುವಷ್ಟರಲ್ಲಿ ಸೊಸೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು.

"ಅತ್ತೆ, ಇಲ್ಲಿ ಪೇಂಟ್ ವಾಸನೆ ಬರ್ತಿದೆ. ನೀರಿಂದಲೇ ಬರ್ತಿದೆ ನೋಡಿ."

ಮೀನಮ್ಮ ನೋಡಿದ್ದು ನೀರನ್ನಲ್ಲ, ಸೊಸೆಯ ಮೂಗಿನ ಮೇಲಿದ್ದ ಕರ್ಚೀಫನ್ನು. ಇವತ್ತು ಹೌದು ಅಂದರೆ ನಾಳೆ ಈ ಬಾಗಿಲಿಗೆ ಇವಳ ಕ್ಲಿನಿಕ್ಕಿನ ಪರದೆ ಬರುತ್ತದೆ.

"ನಿನ್ನ ಮೂಗಿಗೆ ದಿನಕ್ಕೊಂದು ವಾಸನೆ. ಹೋಗು, ನಿನ್ನ ರೋಗಿಗಳು ಕಾಯ್ತಿರ್ತಾರೆ."

"ನಿಜವಾಗ್ಲೂ ಅತ್ತೆ..."

"ಹೋಗು ಅಂದೆ."

ಸೊಸೆ ಹೋದಳು. ಮೀನಮ್ಮ ಕೋಣೆಯ ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚಲು ಕೂತಳು. ಈರುಳ್ಳಿಯ ಮುಂದೆ ಬೇರೆ ಘಾಟು ಗೊತ್ತಾಗುವುದಿಲ್ಲ. ಆಮೇಲೆ ಬಟ್ಟೆ ಒಗೆದಳು, ಅಂಗಳ ತೊಳೆದಳು. ಬೇಕೆಂದೇ ಆ ಕಡೆ ಹೋಗಲಿಲ್ಲ.

ಮಧ್ಯಾಹ್ನ ಕೋಣೆಯ ಬಾಗಿಲು ತೆಗೆದಾಗ ಮೀನುಗಳೆಲ್ಲ ಮೇಲೆ ಇದ್ದವು. ಕೆಲವು ಬಾಯಿ ಬಿಡುತ್ತಿದ್ದವು, ಹಲವು ಅದನ್ನೂ ಬಿಟ್ಟಿದ್ದವು. ಹೊಟ್ಟೆ ಮೇಲಾಗಿ, ಪೈಪಿನ ಗುಳ್ಳೆ ತಳ್ಳಿದ ಕಡೆ ತೇಲುತ್ತಿದ್ದವು. ಅವಳು ಬಕೆಟ್ಟು ಬಕೆಟ್ಟು ಹೊಸ ನೀರು ಹೊತ್ತಳು, ಜಾಲರಿಯಲ್ಲಿ ಎತ್ತಿ ಬೇರೆ ತೊಟ್ಟಿಗೆ ಹಾಕಿದಳು. ಹಾಕಿದ ತೊಟ್ಟಿಯಲ್ಲೂ ಅದೇ ಗಾಳಿ. ಕೊನೆಗೆ ಹೊಳೆದು ಷೆಡ್ಡಿಗೆ ಓಡಿದಳು.

ಕಂಪ್ರೆಸರ್ ಮದುವಣಗಿತ್ತಿಯ ಹಾಗೆ ನಿಂತಿತ್ತು. ತುಕ್ಕಿನ ಕಲೆ ಒಂದೂ ಇಲ್ಲದೆ, ತಲೆಯಿಂದ ಕಾಲಿನವರೆಗೆ ಹಸಿ ನೀಲಿ ಬಣ್ಣ. ಪಕ್ಕದಲ್ಲಿ ಥಿನ್ನರ್ ಡಬ್ಬಿ, ಬ್ರಷ್ಷು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಅವನ ತಲೆಯ ಮೇಲೆ ಬ್ಲೋವರ್ ಓಡುತ್ತಿತ್ತು. ಮೀನಮ್ಮ ಸ್ವಿಚ್ಚು ಆರಿಸಿದಳು.

"ಕೊಂದು ಹಾಕಿದ್ರಿ" ಎಂದಳು.

ಸಂಜೆ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಸತ್ತ ಮೀನುಗಳನ್ನು ಬಕೆಟ್ಟಿಗೆ ತುಂಬುತ್ತ ಮಗ ಒಂದೇ ಸಮನೆ ಕೂಗಾಡುತ್ತಿದ್ದ.

"ಅಪ್ಪ, ಅಲ್ಲಿನ ಗಾಳಿನೇ ಎಳೆಯುತ್ತೆ ಅಂತ ನೀನೇ ಹೇಳಿದ್ದಲ್ವಾ? ನನ್ನನ್ನ ದಡ್ಡ ಅಂದ್ಯಲ್ಲ?"

"ಬಾಗಿಲು ತೆಗೆದಿಟ್ಟಿದ್ದೆ. ವಾಸನೆ ಹೊರಗೆ ಹೋಗುತ್ತೆ ಅಂತ... ಜ್ಞಾಪಕಕ್ಕೆ ಬರ್ಲಿಲ್ಲ."

"ಪೇಂಟ್ ಹೊಡೀರಿ ಅಂತ ಯಾರು ಕೇಳಿದ್ರು?" ಮೀನಮ್ಮ ಕಿರುಚಿದಳು. "ನಾಳೆ ಮಾರಿ ಹೋಗೋದಕ್ಕೆ ಯಾವ ಶೃಂಗಾರ?"

"ತುಕ್ಕು ಹಿಡಿದ ಹಾಗೇ ಕಳಿಸ್ಲಾ?" ಮೇಸ್ತ್ರಿಯ ಕುತ್ತಿಗೆಯ ನರ ಉಬ್ಬಿತು. "ನೀನು ಮಾರಿ ಅಂದೆ, ಮಾರಿದೆ. ಹೇಗೆ ಮಾರ್ಬೇಕು ಅಂತಲೂ ನೀನೇ ಹೇಳ್ತೀಯಾ?"

"ನಾನು ಬೆಳಿಗ್ಗೆನೇ ಹೇಳಿದ್ದೆ" ಎಂದಳು ಸೊಸೆ ಬಾಗಿಲಿಂದ. ಅವಳ ದನಿಯಲ್ಲಿ ಗೆದ್ದ ಜೋರಿರಲಿಲ್ಲ. ಅದೇ ಮೀನಮ್ಮನಿಗೆ ಹೆಚ್ಚು ಉರಿಯಿತು. "ಆಗಲೇ ಆರಿಸಿದ್ರೆ ಉಳೀತಿದ್ವು."

"ದಿನಾ ಬೊಗಳಿದ್ರೆ ಯಾವತ್ತಿನದು ನಿಜ ಅಂತ ನಂಗೇನು ಗೊತ್ತು?"

"ಅಮ್ಮ!" ಎಂದ ಮಗ.

ಬಾಗಿಲ ಹಿಂದಿನಿಂದ ಗುಂಯ್ ಎನ್ನುವ ಸಣ್ಣ ಸದ್ದು ಬರುತ್ತಿತ್ತು. ಸೊಸೆ ಬಗ್ಗಿ ಬಟ್ಟೆ ಸರಿಸಿದಳು. ಹಳೆಯ ಪಂಪು ನಡುಗುತ್ತ ಓಡುತ್ತಿತ್ತು. ಏಂಜಲ್ ಜೋಡಿ ಏನೂ ಆಗದ ಹಾಗೆ ಅಕ್ಕಪಕ್ಕ ನಿಂತಿತ್ತು. ಎಲ್ಲರೂ ಅದನ್ನು ನೋಡಿದರು. ಮೀನಮ್ಮ ಸುಳ್ಳು ಹೇಳಿದ್ದಳು ಎಂದು ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ.

ಮುಂದಿನ ವಾರಗಳಲ್ಲಿ ಏಂಜಲ್ ಜೋಡಿಯದೂ ಸೇರಿ ತೊಟ್ಟಿಗಳೆಲ್ಲ ಅಂಗಳಕ್ಕೆ ಬಂದವು, ಕೋಣೆಗೆ ಸುಣ್ಣ ಬಣ್ಣವಾಯಿತು. ಕಂಪ್ರೆಸರ್ ಹೇಳಿದ ದಿನವೇ ಲಾರಿ ಹತ್ತಿತ್ತು. ಮೇಸ್ತ್ರಿ ಬೀದಿಯ ಕೊನೆಯವರೆಗೂ ಅದರ ಹಿಂದೆ ನಡೆದು ಹೋಗಿ, ವಾಪಸು ಬಂದು ಖಾಲಿ ಷೆಡ್ಡಿನ ಬಾಗಿಲಿಗೆ ಬೀಗ ಹಾಕಿದ್ದ. ಗಂಡ ಹೆಂಡತಿಗೆ ಮಾತಿರಲಿಲ್ಲ. ಟೀ ಲೋಟವನ್ನು ಮೀನಮ್ಮ ಕಿಟಕಿಯ ಮೇಲೆ ಇಡುತ್ತಿದ್ದಳು, ಅವನು ಅಲ್ಲಿಂದ ತೆಗೆದುಕೊಳ್ಳುತ್ತಿದ್ದ. ಮಾತ್ರೆ ಮುಗಿದ ದಿನ ಮೀನಮ್ಮ ಮಗನ ಮುಂದೆ ಹೋಗಿ ನಿಂತಳು. ಮಗ ಜೇಬಿಗೆ ಕೈ ಹಾಕುತ್ತ ಹೆಂಡತಿಯ ಕಡೆ ನೋಡಿದ. ಅವನಿಗೆ ಅದರ ಅರಿವೇ ಇರಲಿಲ್ಲ. ಮೀನಮ್ಮನಿಗಿತ್ತು.

ಹೊಸ ಕ್ಲಿನಿಕ್ಕಿಗೆ ಮಂಚ ಬಂದ ದಿನ ಸೊಸೆ, "ಆ ಏಂಜಲ್ ತೊಟ್ಟಿ ಒಂದು ಇಲ್ಲಿಡಿ ಅತ್ತೆ. ಕಾಯ್ತಾ ಕೂತವರು ನೋಡ್ತಾರೆ" ಎಂದಳು.

"ನನ್ನ ಮೀನು ನಿನ್ನ ರೋಗಿಗಳಿಗೆ ಟೀವಿ ಅಲ್ಲ."

ಮಗನ ಕೈಲಿ ತೊಟ್ಟಿ ಹೊರಿಸಿಕೊಂಡು ಹಿಂದಿನ ಷೆಡ್ಡಿಗೆ ಹೋದಳು. ಬೀಗದ ಕೈ ಕೇಳಲಿಲ್ಲ. ಮೇಸ್ತ್ರಿಯೇ ಎದ್ದು ಬಂದು ತೆಗೆದ. ಕಂಪ್ರೆಸರ್ ನಿಂತಿದ್ದ ಜಾಗದಲ್ಲಿ ಸಿಮೆಂಟಿನ ಮೇಲೆ ಎಣ್ಣೆಯ ಕಪ್ಪು ಗುರುತು, ಅದರ ಸುತ್ತ ನೀಲಿ ಹನಿಗಳು. ಅಲ್ಲೇ ಸ್ಟ್ಯಾಂಡು ಹಾಕಿಸಿ ತೊಟ್ಟಿ ಇಟ್ಟಳು. ಸ್ವಲ್ಪ ದಿನಕ್ಕೆ ಜೋಡಿ ಮೊಟ್ಟೆ ಇಟ್ಟಿತು. ಅಂಗಳದಿಂದ ಇನ್ನೂ ನಾಲ್ಕಾರು ತೊಟ್ಟಿ ಒಳಗೆ ಬಂದವು. ಒಂದು ಹಳೆಯ ಪಂಪು ಇನ್ನು ಸಾಲದು, ಬ್ಲೋವರ್ ಹಚ್ಚಲೇಬೇಕು. ಸ್ವಿಚ್ಚಿನ ಮೇಲೆ ಕೈಯಿಟ್ಟು, ಒತ್ತಲಾರದೆ, ಅವಳು ಎರಡು ದಿನ ವಾಪಸು ಬಂದಳು.

ಮೂರನೆಯ ದಿನ ಹೋದಾಗ ಮೇಸ್ತ್ರಿ ಏಣಿ ಹಾಕಿಕೊಂಡು ಬ್ಲೋವರಿನ ಹಿಂದಿದ್ದ ಷೆಡ್ಡಿನ ತಗಡಿಗೆ ಡ್ರಿಲ್ಲಿನಲ್ಲಿ ತೂತು ಕೊರೆಯುತ್ತಿದ್ದ. ಮೂಲೆಯಲ್ಲಿ ಒಂದು ಉದ್ದ ಪೈಪು, ಅದರ ಬಾಯಿಗೆ ಕಟ್ಟಲು ಜಾಲರಿ.

"ಏನು ಮಾಡ್ತಿದ್ದೀರಿ?" ವಾರಗಳ ಮೇಲೆ ಅವಳು ಆಡಿದ ಮೊದಲ ಮಾತು.

"ಗಾಳಿ ಹೊರಗಿಂದ ಎಳೀಬೇಕು. ಸೂರಿಗಿಂತ ಮೇಲಿಂದ. ಆಮೇಲೆ ಒಳಗೆ ಏನೇ ಮಾಡಿದ್ರೂ ನೀರಿಗೆ ಹೋಗಲ್ಲ."

"ಈ ಬುದ್ಧಿ ಆವತ್ತು ಎಲ್ಲಿಗೆ ಹೋಗಿತ್ತು?"

ಡ್ರಿಲ್ಲು ನಿಂತಿತು. ಮೇಸ್ತ್ರಿ ಏಣಿಯ ಮೇಲಿಂದ ಇಳಿಯಲಿಲ್ಲ, ತಿರುಗಲೂ ಇಲ್ಲ.

"ಆವತ್ತೂ ಇತ್ತು" ಎಂದ. "ತಲೆ ಮೇಲೆ ಓಡ್ತಾನೇ ಇತ್ತಲ್ಲ, ಕೇಳಿಸ್ತಿತ್ತು. ಮೊದಲನೇ ಕೋಟ್ ಆದಾಗ ಆರಿಸ್ಬೇಕು ಅಂದ್ಕೊಂಡೆ. ಆರಿಸ್ಲಿಲ್ಲ. ಎರಡನೇ ಕೋಟ್ ಹೊಡೆದೆ."

ಕ್ಲಿನಿಕ್ಕಿನ ಕಡೆಯಿಂದ, "ಮೇಲಕ್ಕೆ, ಇನ್ನೂ ಮೇಲಕ್ಕೆ, ಈಗ ಇಳಿಸಿ" ಎಂದು ಯಾರಿಗೋ ಹೇಳಿಕೊಡುವ ಸೊಸೆಯ ದನಿ ಕೇಳುತ್ತಿತ್ತು. ಮೀನಮ್ಮನಿಗೆ ಬೈಗುಳ ನಾಲಿಗೆಯವರೆಗೂ ಬಂತು. ಅಲ್ಲಿಂದ ಬಂದದ್ದು ಬೇರೆ.

"ನಂಗೂ ವಾಸನೆ ಬಂದಿತ್ತು. ಅವಳು ಹೇಳೋಕ್ಕೆ ಮುಂಚೆನೇ."

ಈಗ ಮೇಸ್ತ್ರಿ ತಿರುಗಿ ನೋಡಿದ. ಇಬ್ಬರೂ ಸ್ವಲ್ಪ ಹೊತ್ತು ಮುಖ ನೋಡಿಕೊಂಡರು, ಸಂತೆಯಲ್ಲಿ ಗುರುತು ಸಿಕ್ಕದ ಜನರ ಹಾಗೆ.

"ಆ ಪೈಪು ಕೊಡು" ಎಂದ ಅವನು. "ನೇರ ಹಿಡ್ಕೊ, ಅಲ್ಲಾಡಿಸ್ಬೇಡ."

ಅವಳು ಹಿಡಿದುಕೊಂಡಳು. ಅವನು ಪೈಪನ್ನು ತೂತಿನೊಳಗೆ ತೂರಿಸಿ, ಬ್ಲೋವರ್ ಗಾಳಿ ಎಳೆಯುವ ಬಾಯಿಗೆ ಕೂರಿಸಿ, ಸಂದಿಗೆ ಅಂಟು ಮೆತ್ತಿ, ಹೊರಗೆ ಹೋಗಿ ಜಾಲರಿ ಕಟ್ಟಿ ಬಂದ. ಅಂಟು ಒಣಗಲಿ ಎಂದು ಒಂದು ದಿನ ಬಿಟ್ಟರು. ಮರುದಿನ ಸ್ವಿಚ್ಚು ಒತ್ತಿದ. ಸಣ್ಣ ನಳಿಗೆಯ ತುದಿಯಿಂದ ಗಾಳಿ ಬರತೊಡಗಿತು. ಮೀನಮ್ಮ ಅದನ್ನು ತೊಟ್ಟಿಗೆ ಇಳಿಬಿಡಲಿಲ್ಲ. ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಎಳೆದಳು. ಮೇಸ್ತ್ರಿಯೂ ಬಗ್ಗಿ ಅವಳ ಕೈಯಲ್ಲಿದ್ದ ನಳಿಗೆಯನ್ನು ಮೂಸಿದ.

"ಏನೂ ಇಲ್ಲ" ಎಂದ.

ಅವಳು ಅವನ ಮಾತು ನಂಬಲಿಲ್ಲ. ಇನ್ನೊಂದು ಸಲ ಮೂಸಿ ನೋಡಿದಳು.